ಆಟೋ ಹಾರ್ನಿನ ರಬ್ಬರು, ಎಂಟು ತಿಂಗಳ ಕೂಸು

ಆ ಮಗು ಉಳಿದದ್ದು ಹರಕೆಯಿಂದಲ್ಲ, ಆಟೋ ಹಾರ್ನಿನಿಂದಲೂ ಅಲ್ಲ. ಹಾಲು ತೆಗೆಯುವ ಪಂಪಿನ ರಬ್ಬರನ್ನು ಒತ್ತಿ ನಿಧಾನವಾಗಿ ಬಿಡುವುದನ್ನು ಅದರ ತಾಯಿ ಕಲಿತಳು, ಅದಕ್ಕೇ ಉಳಿಯಿತು. ಆಮೇಲೆ ಜೋಗುಪಾಳ್ಯದ ಬೀದಿಯಲ್ಲಿ ಈ ಕಥೆಗೆ ಕಾಲು ಬಂತು, ಬಾಲ ಬಂತು. ಅವಳ ಅತ್ತೆ ತಮ್ಮ ಹರಕೆಯ ಮಾತು ಹೇಳಿದರು, ಆಟೋ ಓಡಿಸುವ ಗಂಡ ತನ್ನ ಹಾರ್ನಿನ ಮಾತು ಹೇಳಿದ. ಹೇಳಿಕೊಳ್ಳಲಿ. ಆ ಪಂಪನ್ನು ತೊಳೆದವಳು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಆಗ ಹಲಸೂರಿನ ಕಡೆ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಮನೆ ಮರ್ಫಿ ಟೌನಿನಲ್ಲಿ, ನಡೆದೇ ಹೋಗಿ ಬರುತ್ತಿದ್ದೆ. ಓದು ನನಗೆ ಹತ್ತಿದ್ದು ಕಡಿಮೆ, ಅಕ್ಷರ ಕೂಡಿಸಿ ಓದುತ್ತೇನೆ. ಡಾಕ್ಟರಮ್ಮ ಬೆಳಿಗ್ಗೆ ಬಂದು ಎಲ್ಲರನ್ನೂ ನೋಡಿ ಹೋಗುತ್ತಿದ್ದರು. ಮಿಕ್ಕ ಹೊತ್ತೆಲ್ಲ ಆಸ್ಪತ್ರೆ ನಡೆಸುತ್ತಿದ್ದವರು ಸಿಸ್ಟರ್. ತಮಿಳು ಮನೆಮಾತಿನವರು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಎಪ್ಪತ್ತರ ದಶಕದ ಮಾತು. ಆಗ ಆಟೋಗಳಿಗೆ ಈಗಿನ ಹಾಗೆ ಗುಂಡಿ ಒತ್ತುವ ಹಾರ್ನು ಇರಲಿಲ್ಲ. ಪಕ್ಕದಲ್ಲಿ ಒಂದು ತುತ್ತೂರಿ, ಅದರ ಹಿಂದೆ ಕಪ್ಪು ರಬ್ಬರಿನ ಚೆಂಡು. ಡ್ರೈವರು ಅದನ್ನು ಮುಷ್ಟಿಯಲ್ಲಿ ಹಿಸುಕಿದರೆ ಪೋಂಯ್ ಪೋಂಯ್ ಅನ್ನುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಈಗಿನವರಿಗೆ ತಿಳಿಯುವುದಿಲ್ಲ.

ಜೋಗುಪಾಳ್ಯದ ಒಬ್ಬ ಆಟೋ ಡ್ರೈವರಿನ ಹೆಂಡತಿಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ಎರಡು ಅಂಗೈ ಸೇರಿಸಿದರೆ ಅದರಲ್ಲಿ ಮಲಗುವಷ್ಟು. ಡಾಕ್ಟರಮ್ಮ ತಿರುವಿ ಮುರುವಿ ನೋಡಿದರು. "ಉಸಿರು ಸರಿಯಾಗಿದೆ. ಬಾಯಿಗೆ ಬಿಟ್ರೆ ನುಂಗುತ್ತೆ. ಎಳೆದು ಕುಡಿಯೋ ಶಕ್ತಿ ಮಾತ್ರ ಇಲ್ಲ. ಆ ಶಕ್ತಿ ಬರೋವರೆಗೂ ತಾಯಿ ಹಾಲು ತೆಗೆದು ಕುಡಿಸಿ. ತೂಕ ಇಳೀತಾ ಹೋದ್ರೆ ದೊಡ್ಡಾಸ್ಪತ್ರೆಗೆ ಕಳಿಸಿಬಿಡೋಣ" ಅಂದರು.

ಅದು ಅವಳಿಗೆ ಎರಡನೇ ಹೆರಿಗೆ. ಮೊದಲನೆಯ ಮಗು ಬೇರೆ ಕಡೆ ಹುಟ್ಟಿ, ಹಾಲು ಒಣಗಿ, ಡಬ್ಬಿ ಹಾಲಿಗೆ ಬಿದ್ದು, ಭೇದಿ ಹತ್ತಿ ಹೋಗಿತ್ತು. ಅದನ್ನು ಅವಳು ನನಗೆ ಹೇಳಲಿಲ್ಲ, ಅವಳ ಅತ್ತೆ ಹೇಳಿದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಳುತ್ತಿದ್ದರೆ ಸಮಾಧಾನ ಹೇಳಬಹುದು. ಇವಳು ಅಳುತ್ತಲೂ ಇರಲಿಲ್ಲ.

ಸಿಸ್ಟರ್ ಬೀರುವಿನಿಂದ ಪಂಪು ತೆಗೆದರು. ಗಾಜಿನದು. ಒಂದು ತುದಿಗೆ ಆಲಿಕೆಯಂತೆ ಅಗಲವಾದ ಬಾಯಿ, ಅದರ ಕೆಳಗೆ ಹಾಲು ನಿಲ್ಲಲು ನಿಂಬೆಹಣ್ಣಿನಷ್ಟು ಹೊಟ್ಟೆ, ಇನ್ನೊಂದು ತುದಿಗೆ ಕೆಂಪು ರಬ್ಬರಿನ ಚೆಂಡು.

ಬಾಣಂತಿ ಹುಡುಗಿ ತಿರುಗಿ ನೋಡಿದಳು. ಎದ್ದು ಕೂತು ಅದನ್ನು ಕೈಗೆ ತೆಗೆದುಕೊಂಡಳು. "ಇದೇನ್ ಸಿಸ್ಟರ್, ನಮ್ಮೆಜಮಾನ್ರ ಹಾರ್ನ್ ಇದ್ದಂಗಿದೆ!" ಅಂದಳು.

"ಹಾರ್ನೇ ಅಮ್ಮಾ. ನಿನ್ ಮಗೂಗೆ ಸೈಡ್ ಕೇಳೋಕೆ. ಕೊಡು ಇಲ್ಲಿ" ಅಂದರು ಸಿಸ್ಟರ್.

ಅವಳು ಕೊಡಲಿಲ್ಲ. ಎದೆಗೆ ಇಟ್ಟುಕೊಂಡು ಗಂಡ ಹಾರ್ನು ಹೊಡೆಯುವ ಹಾಗೆಯೇ ಪಟಪಟ ಹಿಸುಕಿದಳು. ಅವಳ ಕೈಗೆ ಬೇರೆ ಯಾವ ರೀತಿ ಗೊತ್ತು? ಗಾಜಿನ ಬಾಯಿಯಿಂದ ಪುಸ್ ಪುಸ್ ಎಂದು ಗಾಳಿ ಬಂತು, ಹಾಲು ಬರಲಿಲ್ಲ. ಇನ್ನಷ್ಟು ಜೋರಾಗಿ ಹಿಸುಕಿದಳು. ಒಂದು ಸಲ ಗಾಜು ಹೇಗೋ ಹಿಡಿದುಕೊಂಡು ಮೊಲೆತೊಟ್ಟನ್ನು ಜಗ್ಗಿತು. ಅಮ್ಮಾ ಎಂದು ಕೂಗಿ ಬಿಸಾಕುವುದರಲ್ಲಿದ್ದಳು. ನಾನು ಹಿಡಿದೆ.

ಸಿಸ್ಟರ್ ನನ್ನ ಕೈ ಎಳೆದು ಮೊಣಕೈ ಕೆಳಗಿನ ಚರ್ಮದ ಮೇಲೆ ತೋರಿಸಿದರು. "ನೋಡಮ್ಮಾ. ಮೊದಲು ಪ್ರೆಸ್ಸು. ಒತ್ತಿ, ಒತ್ತಿಕೊಂಡೇ ಇಡು. ಸುತ್ತ ಗಾಳಿ ಹೋಗಬಾರದು. ಆಮೇಲೆ ಬಿಡು. ಮೆಲ್ಲ, ಮೆಲ್ಲ." ಗಾಜಿನೊಳಗೆ ನನ್ನ ಚರ್ಮ ಸಣ್ಣ ಬೋಂಡದ ಹಾಗೆ ಎದ್ದಿತು. ನೋವಿಲ್ಲ. "ಹಾರ್ನು ಒತ್ತಿದಾಗ ಕೂಗುತ್ತೆ. ಇದು ಬಿಟ್ಟಾಗ ಕೆಲಸ ಮಾಡುತ್ತೆ. ಅಷ್ಟೇ ಡಿಫರೆನ್ಸು."

ಒತ್ತುವುದರಲ್ಲಿ ಏನೂ ಇಲ್ಲ, ಎಲ್ಲ ಇರುವುದು ಬಿಡುವುದರಲ್ಲಿ. ಇಷ್ಟು ವರ್ಷದ ಮೇಲೂ ಇದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬರುವುದಿಲ್ಲ. ನನ್ನ ಮೊಮ್ಮಗಳು ಮೊನ್ನೆ ಪ್ಲಾಸ್ಟಿಕ್ಕಿನ ಪಂಪು ಹಿಡಿದು ಮುಖ ಕಿವಿಚುತ್ತಿದ್ದಳು. ಅವಳಿಗೂ ಇದನ್ನೇ ಹೇಳಿದೆ.

ಮೊದಲ ದಿನ ಗಾಜಿನ ತಳ ನೆನೆಯುವಷ್ಟು ಬಂದಿದ್ದರೆ ಹೆಚ್ಚು. ಹಳದಿ, ಅಂಟು. ನಾನು ಅದನ್ನು ಒಳಲೆಗೆ ಬಸಿದೆ. ಒಳಲೆ ಎಂದರೆ ಕೂಸಿಗೆ ಕುಡಿಸುವ ಮೂತಿಯಿರುವ ಸಣ್ಣ ಬಟ್ಟಲು, ನಮ್ಮ ಸಿಸ್ಟರ್ ಪಾಲಾಡೆ ಅನ್ನುತ್ತಿದ್ದರು. ಅತ್ತೆ ಬಾಗಿಲಲ್ಲೇ ತಡೆದರು.

"ಆಯಮ್ಮಾ, ಅದು ಕೆಟ್ಟ ಹಾಲು. ಚೆಲ್ಬಿಡು. ಬಿಳೀದು ಬರ್ಲಿ, ಆಮೇಲೆ ಕುಡಿಸುವಂತೆ."

"ನಿಮ್ಮನೇಲಿ ಎಮ್ಮೆ ಈದ್ರೆ ಗಿಣ್ಣು ಏನ್ ಮಾಡ್ತೀರಿ?"

"ಬೆಲ್ಲ ಏಲಕ್ಕಿ ಹಾಕಿ ಕಾಸ್ಕೊಂಡು ತಿಂತೀವಿ."

"ಎಮ್ಮೇದಾದ್ರೆ ನಿಮಗೆ ಬೇಕು, ಸೊಸೇದಾದ್ರೆ ಮೊಮ್ಮಗೂಗೆ ಬೇಡ. ಚೆನ್ನಾಗಿದೆ ಕಣಮ್ಮ ನ್ಯಾಯ!"

ಅವರಿಗೆ ಸಿಟ್ಟು ಬಂತು. ಆದರೆ ದಾರಿ ಬಿಟ್ಟರು. ಹಾಗೆ ನೋಡಿದರೆ ಅವರು ಕೆಟ್ಟವರಲ್ಲ. ಸೊಸೆಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಎಂದು ಹೊತ್ತುಹೊತ್ತಿಗೆ ಹೊತ್ತು ತರುತ್ತಿದ್ದರು. ನೀರು ಮಾತ್ರ ಕುಡಿಸಲು ಬಿಡುತ್ತಿರಲಿಲ್ಲ, ಬಾಣಂತಿಗೆ ಶೀತವಾಗುತ್ತದಂತೆ. ನಾನು ಅವರೆದುರಿಗೇ ತೆಳುವಾದ ರಾಗಿ ಗಂಜಿ ಕುಡಿಸುತ್ತಿದ್ದೆ. ಗಂಜಿ ನೀರಲ್ಲ ಎಂದು ಅವರ ಲೆಕ್ಕ, ಗಂಜಿಯೆಲ್ಲ ನೀರೇ ಎಂದು ನನ್ನ ಲೆಕ್ಕ. ಇಬ್ಬರಿಗೂ ಸಮಾಧಾನ.

ಕೆಲಸ ಒಂದು ಕ್ರಮಕ್ಕೆ ಬಂತು. ಮೊದಲು ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಲೆಯ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಡುವುದು. ಆಮೇಲೆ ಕಂಕುಳ ಕಡೆಯಿಂದ ತೊಟ್ಟಿನ ಕಡೆಗೆ ಬೆರಳ ತುದಿಯಿಂದ ಸವರುವುದು. ಉಜ್ಜಬಾರದು, ಚಪಾತಿ ಹಿಟ್ಟಲ್ಲ ಅದು. ನಾನು ಹಿಂದೆ ಕೂತು ಅವಳ ಬೆನ್ನುಮೂಳೆಯ ಎರಡೂ ಪಕ್ಕ ಹೆಬ್ಬೆರಳಿನಿಂದ ಒತ್ತಿ ಇಳಿಸುತ್ತಿದ್ದೆ. ಕೂಸಿಗೆ ಸುತ್ತಿದ್ದ ಬಟ್ಟೆಯನ್ನು ಅವಳ ಹೆಗಲ ಮೇಲೆ ಹಾಕುತ್ತಿದ್ದೆ, ವಾಸನೆ ಮೂಗಿಗೆ ಬೀಳುವ ಹಾಗೆ. ಕರುವನ್ನು ತೋರಿಸದೆ ಯಾವ ಹಸು ಹಾಲು ಬಿಟ್ಟಿದೆ?

ಆಮೇಲೆ ಗಾಜಿನ ಬಾಯಿಯ ಅಂಚನ್ನು ಕಾಯಿಸಿ ಆರಿಸಿದ ನೀರಿನಿಂದ ಒದ್ದೆ ಮಾಡುವುದು. ಒಣಗಿದ್ದರೆ ಹಿಡಿಯುವುದಿಲ್ಲ, ಸಂದಿಯಲ್ಲಿ ಗಾಳಿ ಹೋಗುತ್ತದೆ. ತೊಟ್ಟು ನಟ್ಟನಡುವೆ ಬರಬೇಕು, ಗಾಜಿಗೆ ಉಜ್ಜಬಾರದು. ಬಾಣಂತಿ ಹಿಂದಕ್ಕೆ ಒರಗಬಾರದು, ಸ್ವಲ್ಪ ಮುಂದಕ್ಕೆ ಬಗ್ಗಬೇಕು. ಒರಗಿದರೆ ಹಾಲು ಗಾಜಿನ ಹೊಟ್ಟೆಯಲ್ಲಿ ನಿಲ್ಲದೆ ರಬ್ಬರಿನೊಳಗೆ ಹೋಗುತ್ತದೆ. ರಬ್ಬರಿನೊಳಗೆ ಹೋದ ಹಾಲು ಕೂಸಿಗೆ ಇಲ್ಲ. ಅದು ಸಿಸ್ಟರಿನ ಕಾನೂನು. ಅದರ ಒಳಗನ್ನು ಯಾರೂ ಸರಿಯಾಗಿ ತೊಳೆಯಲಾರರು. ಆ ಜಾತಿಯ ಪಂಪೇ ಬೇಡ ಎಂದು ಈಗ ಹೇಳುತ್ತಾರಂತೆ. ಸರಿಯಾಗಿಯೇ ಹೇಳುತ್ತಾರೆ. ಆಗ ನಮಗಿದ್ದದ್ದು ಅದೊಂದೇ.

ಒತ್ತು, ಇಡು, ಬಿಡು. ಹನಿ ನಿಧಾನವಾದರೆ ಇನ್ನೊಂದು ಕಡೆಗೆ. ಅದೂ ನಿಧಾನವಾದರೆ ಮತ್ತೆ ಮೊದಲಿನ ಕಡೆಗೆ. ಎರಡು ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ. ಹಾಲು ತೆಗೆಯದೆ ಬಿಟ್ಟರೆ ಎದೆ ಗಿರಾಕಿ ಇಲ್ಲವೆಂದು ಅಂಗಡಿ ಮುಚ್ಚುತ್ತದೆ. ಹುಡುಗಿಗೆ ಕೈ ಕುದುರಿತು. ಹಳದಿ ಹೋಗಿ ಬಿಳಿ ಬಂತು, ತಳ ನೆನೆಯುತ್ತಿದ್ದ ಗಾಜಿನ ಹೊಟ್ಟೆ ಅರ್ಧಕ್ಕೆ ಬಂತು. ಒಳಲೆಯ ಮೂತಿಯನ್ನು ಕೂಸಿನ ಬಾಯಿಯ ಮೂಲೆಗೆ ಇಟ್ಟು, ಅದು ನಾಲಿಗೆ ಚಾಚಿ ತಾನೇ ತಗೊಳ್ಳುವ ಹಾಗೆ ಹಿಡಿಯುತ್ತಿದ್ದೆ. ಸುರಿಯಬಾರದು. ಒಂದೊಂದು ಗುಟುಕಿಗೂ ಕಾಯಬೇಕು. ಪ್ರತಿ ಸಲ ಕುಡಿಸುವ ಮುಂಚೆ ಅದರ ಬಾಯನ್ನು ತಾಯಿಯ ಮೊಲೆಗೆ ತಾಗಿಸುತ್ತಿದ್ದೆವು, ಕಲಿಯಲಿ ಎಂದು. ಅದು ಮೂಸಿ ನೋಡಿ ನಿದ್ದೆ ಹೋಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ರಬ್ಬರು ಸೀಳಿತು. ದಿನಾ ಕುದಿಸಿ ಕುದಿಸಿ ಕುತ್ತಿಗೆಯ ಹತ್ತಿರ ಬಿರುಕು ಬಿಟ್ಟಿತ್ತು. ಒತ್ತಿದರೆ ಒತ್ತಿದ ಹಾಗೇ, ಎಳೆತವೇ ಇಲ್ಲ. ಸಿಸ್ಟರ್ ಶಿವಾಜಿನಗರದ ಅಂಗಡಿಗೆ ಹೇಳಿ ಕಳಿಸಿದರು. ಅಂಗಡಿಯ ಸಾಹೇಬರಿಂದ ಬಂದ ಉತ್ತರ, ಬರೀ ರಬ್ಬರು ಸ್ಟಾಕಿಲ್ಲ, ಮಾಲು ಬರಬೇಕು, ಬಂದರೆ ಕಳಿಸುತ್ತೇನೆ. ಅಲ್ಲಿಯವರೆಗೆ ಕೈಯಲ್ಲೇ ಹಿಂಡಿದೆವು. ಬರುತ್ತಿತ್ತು, ಆದರೆ ಅರ್ಧಕ್ಕರ್ಧ. ಅವಳ ತೊಟ್ಟು ಒಳಕ್ಕೆ ಇತ್ತು. ಅದು ಹೊರಗೆ ಬರದಿದ್ದರೆ ನಾಳೆ ಕೂಸಾದರೂ ಏನು ಹಿಡಿದೀತು? ಅದಕ್ಕೂ ಪಂಪಿನ ಎಳೆತ ಬೇಕಿತ್ತು.

ಮಧ್ಯಾಹ್ನ ಊಟ ತಂದ ಗಂಡ ವಿಷಯ ಕೇಳಿದ. ಒಳ್ಳೆಯ ಹುಡುಗ, ಮಾತು ಜಾಸ್ತಿ. ಬೀದಿಗೆ ಓಡಿ ಹೋಗಿ ತನ್ನ ಆಟೋದ ಹಾರ್ನಿನ ರಬ್ಬರು ಕಿತ್ತುಕೊಂಡು ಬಂದ.

"ತಗೊಳ್ಳಿ ಆಯಮ್ಮಾ. ಹೋದ್ವಾರ ಹಾಕ್ಸಿದ್ದು, ಹೊಸಾದು. ಕೆ.ಆರ್. ಪುರದ ಲಾರಿಯೋರೂ ಸೈಡ್ ಬಿಡ್ತಾರೆ ಇದಕ್ಕೆ."

"ಈ ರೋಡ್ ಧೂಳನ್ನ ನನ್ ವಾರ್ಡಿಗೆ ತರ್ತೀಯಾ?" ಎಂದು ಸಿಸ್ಟರ್ ಎದ್ದೇಬಿಟ್ಟರು.

"ತೊಳೆದ್ರೆ ಹೋಗುತ್ತೆ ಸಿಸ್ಟರ್. ಹಾರ್ನಿಲ್ದೆ ನಾನ್ ಹೆಂಗೋ ಬಾಯಲ್ಲೇ ಕೂಗ್ಕೊಂಡು ಓಡಿಸ್ತೀನಿ. ಮಗು ಹೆಂಗ್ ಕೂಗುತ್ತೆ?"

ಸಿಸ್ಟರ್ ಆ ರಬ್ಬರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೋಪಲ್ಲಿ ತೊಳಿ ಆಯಮ್ಮ, ಒಳಗೆ ಹೊರಗೆ. ಆಮೇಲೆ ಕುದಿಸು. ಒಂದು ತೊಟ್ಟು ಹಾಲು ಅದರೊಳಗೆ ಹೋದ್ರೂ ಅಷ್ಟೂ ಹಾಲು ಹೊರಗೆ. ತಿಳೀತಾ?" ಅಂದರು.

ಕುತ್ತಿಗೆ ಸ್ವಲ್ಪ ಸಡಿಲ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿ ಮಾಡಿದೆವು. ಬಾಣಂತಿಗೆ ಕೊಡುವ ಮುಂಚೆ ನನ್ನ ಕೈಮೇಲೆ ಇಟ್ಟು ನೋಡಿದೆ. ಮುಷ್ಟಿಯಲ್ಲಿ ಪೂರ್ತಿ ಒತ್ತಿ ಇಟ್ಟು ಬಿಟ್ಟೆ, ನಿಧಾನವಾಗಿಯೇ ಬಿಟ್ಟೆ. ಆದರೂ ಚರ್ಮವನ್ನು ಕಚ್ಚಿ ಹಿಡಿಯಿತು. ತೆಗೆದರೆ ನೇರಳೆ ಹಣ್ಣಿನಂಥ ಗುರುತು. ಲಾರಿಯವರು ಸೈಡು ಬಿಡುವುದರಲ್ಲಿ ಸೋಜಿಗವೇನಿಲ್ಲ ಅಂದುಕೊಂಡೆ. ಆಮೇಲೆ ಮುಷ್ಟಿ ಬಿಟ್ಟು ಹೆಬ್ಬೆರಳು ಮತ್ತು ತೋರುಬೆರಳು, ಎರಡರಲ್ಲೇ ಚಿವುಟಿದ ಹಾಗೆ ಒತ್ತಿ ನೋಡಿದೆ. ಸರಿಹೋಯಿತು. ಎಳೆತ ಇದೆ, ಕಡಿತ ಇಲ್ಲ.

ಹುಡುಗಿಗೆ ಹೇಳಿದೆ, "ಇದು ನಿನ್ ಗಂಡನ ಹಾರ್ನು. ಗಂಡನ ಥರ ಒತ್ತಬೇಡ. ಉಪ್ಪು ಹಾಕೋ ಥರ ಎರಡು ಬೆರಳಲ್ಲಿ ಒತ್ತು."

ಆ ದಿನ ಗಾಜಿನ ಹೊಟ್ಟೆ ಮೊದಲ ಸಲ ತುಂಬಿತು. ತೊಟ್ಟೂ ಹೊರಗೆ ಬರತೊಡಗಿತು. ಆಟೋದವನು ಬಾಗಿಲಲ್ಲಿ ನಿಂತು, ಸಂತೆಯಲ್ಲಿ ಹೋರಿ ಗೆದ್ದವನ ಹಾಗೆ ಮೀಸೆ ಸವರಿದ.

ಅವನ ಬಾಯಿಯೇ ಕೆಡಿಸಿತು. ಸಂಜೆ ನಾನು ಹಿಂದಿನ ಕೋಣೆಯಲ್ಲಿ ಪಂಪನ್ನೂ ರಬ್ಬರನ್ನೂ ಸೀಮೆಎಣ್ಣೆ ಸ್ಟವ್ ಮೇಲೆ ಕುದಿಸುತ್ತಿದ್ದೆ. ಅವನು ಇಣುಕಿ ನೋಡಿ, ತಾಯಿಯ ಹತ್ತಿರ ಹೋಗಿ ನಗುತ್ತಾ ಹೇಳಿದ, "ಅಮ್ಮೋ, ಬಾ ನೋಡು, ನನ್ ಹಾರ್ನನ್ನ ಹಾಲಲ್ಲಿ ಬೇಯಿಸ್ತಾ ಇದಾರೆ!"

ಅತ್ತೆ ಬಂದು ನೋಡಿದರು. ಗಾಜಿಗೆ ಅಂಟಿದ್ದ ಹಾಲು ಬಿಟ್ಟುಕೊಂಡು ನೀರು ಮಸುಕು ಬೆಳ್ಳಗಾಗಿತ್ತು. ಮೇಲೆ ತೆಳ್ಳನೆಯ ಕೆನೆಯಂಥದ್ದು. ಅವರು ಎದೆ ಹಿಡಿದುಕೊಂಡರು.

"ಎಷ್ಟ್ ದಿನದಿಂದ ಹಿಂಗ್ ಮಾಡ್ತಿದೀಯೇ?"

"ಮೊದಲ ದಿನದಿಂದ. ಕುದಿಸದೆ ಕೂಸಿಗೆ ಕೊಡಕ್ಕಾಗುತ್ತಾ?"

"ತಾಯಿ ಹಾಲು ಬೆಂಕಿಗೆ ಬಿದ್ರೆ ಎದೆ ಸುಡುತ್ತೆ ಕಣೇ! ಒಣಗೋಗುತ್ತೆ! ಹೋದ್ಸಲ ಹಿಂಗೇ ಆಯ್ತು. ಹಾಲು ನೆಂದ ಬಟ್ಟೇನ ಯಾವಳೋ ಒಲೆಗೆ ಹಾಕಿದ್ಲು. ವಾರದೊಳಗೆ ಇವಳ ಎದೇಲಿ ಒಂದ್ ತೊಟ್ಟಿಲ್ಲ. ಆಮೇಲೆ ಡಬ್ಬಿ ಹಾಲು. ಆಮೇಲೆ..."

ಅದು ಅವರೊಬ್ಬರ ಮಾತಲ್ಲ. ನಮ್ಮ ಕಡೆ ಹಿಂಡಿ ತೆಗೆದ ಹಾಲನ್ನು ಒಲೆಗೂ ಹಾಕುವುದಿಲ್ಲ, ಮೋರಿಗೂ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತಾರೆ. ನಾನೂ ನನ್ನ ಬಾಣಂತನದಲ್ಲಿ ಹಾಗೇ ಮಾಡಿದ್ದೆ. ಪಾತ್ರೆ ತೊಳೆಯುವಾಗ ಅದು ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಹುಡುಗಿ ಮಂಚದ ಮೇಲಿನಿಂದ ಎಲ್ಲ ಕೇಳಿಸಿಕೊಂಡಳು. ಮುಂದಿನ ಸಲ ಪಂಪು ಇಟ್ಟರೆ ಬರಲಿಲ್ಲ. ಬಿಸಿ ಬಟ್ಟೆ ಹಾಕಿದೆ, ಬೆನ್ನು ಒತ್ತಿದೆ, ಕೂಸಿನ ಬಟ್ಟೆ ಮೂಗಿಗೆ ಹಿಡಿದೆ. ಮಧ್ಯಾಹ್ನ ಗಾಜು ತುಂಬಿಸಿದ್ದ ಅದೇ ಮೊಲೆ. ನಾಲ್ಕು ಹನಿ ಬಂತು, ನಿಂತಿತು. ಆಮೇಲೆ ಪಂಪು ಮುಟ್ಟಲೇ ಒಲ್ಲೆ ಅಂದಳು.

"ಒಣಗ್ತಾ ಇದೆ ಆಯಮ್ಮಾ. ಹೋದ್ಸಲಾನೂ ಹಿಂಗೇ ಶುರುವಾಗಿದ್ದು."

ಮಾರನೆಯ ದಿನ ಅತ್ತೆ ಬರುವಾಗ ಸೆರಗಿನಡಿ ಹಾಲಿನ ಪುಡಿಯ ಡಬ್ಬಿ, ಒಂದು ಬಾಟಲಿ. ಸಿಸ್ಟರ್ ಕಣ್ಣಿಗೆ ಬಿತ್ತು.

"ಇದೇ ಡಬ್ಬಿ ಒಂದು ಮಗೂನ ತಿಂದಿದೆ ಅಂತ ನೀವೇ ಹೇಳಿದ್ರಿ. ಮತ್ತೆ ತಂದ್ರಾ?"

"ತರ್ದೆ ಏನ್ ಮಾಡ್ಲಿ ತಾಯೀ? ಎದೇಲಿ ಇಲ್ಲ. ಉಪವಾಸ ಮಲಗಿಸ್ಲಾ?" ಅಂದರು ಅತ್ತೆ.

ಸಿಸ್ಟರ್ ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರು, ಬೆಂಕಿಗೂ ಎದೆಗೂ ಸಂಬಂಧವಿಲ್ಲ, ಹೆದರಿಕೆಗೂ ಎದೆಗೂ ಇದೆ, ಕುದಿಸುವುದನ್ನು ಮಾತ್ರ ನಿಲ್ಲಿಸುವ ಹಾಗಿಲ್ಲ. ಎಲ್ಲ ಸರಿಯಾದ ಮಾತು. ಅತ್ತೆ ತಲೆಯಾಡಿಸಿದರು. ಹುಡುಗಿಯೂ ತಲೆಯಾಡಿಸಿ ಪಂಪು ಇಟ್ಟುಕೊಂಡಳು. ಮತ್ತೆ ಅದೇ ನಾಲ್ಕು ಹನಿ, ಅದರ ಮೇಲೆ ಹಾಲು ಬರಲಿಲ್ಲ. ಡಾಕ್ಟರಮ್ಮ ತಕ್ಕಡಿಯ ಮುಳ್ಳು ನೋಡಿ ಹುಬ್ಬು ಗಂಟು ಹಾಕಿದರು. ತೂಕ ಕೆಳಗಿಳಿದಿತ್ತು. "ಸಂಜೆವರೆಗೂ ನೋಡಿ. ಆಮೇಲೆ ಡಬ್ಬೀದೇ ಕಲಸಿ, ಬಾಟಲಿ ಬೇಡ, ಒಳಲೇಲಿ ಕೊಡಿ. ನಾಳೆ ದೊಡ್ಡಾಸ್ಪತ್ರೆಗೆ ಬರೆದು ಕೊಡ್ತೀನಿ" ಎಂದು ಹೋದರು.

ನಾನು ವೆರಾಂಡದಲ್ಲಿ ಕೂತು ಯೋಚಿಸಿದೆ. ನನಗೆ ಆ ಮಾತು ನಿಜವೋ ಸುಳ್ಳೋ ಎಂಬ ತಕರಾರು ಬೇಕಿರಲಿಲ್ಲ. ಹಾಲು ಬೇಕಿತ್ತು. ತಲೆಗೆ ಬುದ್ಧಿ ಹೇಳಿದರೆ ಎದೆ ಕೇಳುವುದಿಲ್ಲ. ಪಂಪು ಕುದಿಯಲೂ ಬೇಕು, ಹಾಲು ಬೆಂಕಿ ಕಾಣಲೂಬಾರದು. ಹಾಗಾದರೆ ಕುದಿಯುವ ಮುಂಚೆ ಪಂಪಿನಲ್ಲಿ ಹಾಲೇ ಇರಬಾರದು. ಇಷ್ಟೇ ತಾನೇ?

ಎದ್ದು ಹೋಗಿ ಅತ್ತೆಯನ್ನು ಕರೆದೆ. "ಅಮ್ಮಾ, ನಿಮ್ ಮಾತು ನಾನು ನಡೆಸ್ತೀನಿ. ನನ್ ಮಾತು ನೀವು ನಡೆಸ್ಬೇಕು. ಇಷ್ಟ್ ದಿನ ಹಾಲು ಬೆಂಕಿ ಕಂಡಿದ್ದಕ್ಕೆ ಏನ್ ಮಾಡ್ಬೇಕು, ಹೇಳಿ. ಹಿರಿಯರು ನೀವು."

ಅವರು ನನ್ನನ್ನು ನೋಡಿದರು. ತಮಾಷೆ ಮಾಡುತ್ತಿದ್ದೇನೆಯೋ ಎಂದು ನೋಡಿದರು. ನಾನು ಮಾಡುತ್ತಿರಲಿಲ್ಲ.

"ತಂಪು ಮಾಡ್ಬೇಕು" ಅಂದರು ಕೊನೆಗೆ. "ಹಾಲು ಬೆರೆತ ತಣ್ಣೀರನ್ನ ಹಸಿರು ಮರದ ಬುಡಕ್ಕೆ ಎರೀಬೇಕು. ಬಾಣಂತಿ ನೋಡ್ಬೇಕು."

ಹಿತ್ತಲಲ್ಲಿ ಒಂದು ನುಗ್ಗೆ ಮರವಿತ್ತು. ಹುಡುಗಿಯ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ. ಬೆಳಗಿನ ನಾಲ್ಕು ಹನಿ ಹಾಲಿನ ಪಸೆ ಪಂಪಿನಲ್ಲಿ ಹಾಗೇ ಇತ್ತು. ಅತ್ತೆಯ ಎದುರಿಗೇ ಒಂದು ಚೊಂಬಿನ ಮೇಲೆ ಅದನ್ನು ಹಿಡಿದು ತಣ್ಣೀರು ಹೊಯ್ದು ತೊಳೆದೆ. ಚೊಂಬನ್ನು ಅವರ ಕೈಗೇ ಕೊಟ್ಟೆ. ಅವರು ಹೋಗಿ ನುಗ್ಗೆ ಮರದ ಬುಡಕ್ಕೆ ಎರೆದರು, ಬಾಯಲ್ಲಿ ಏನೋ ಹರಕೆ ಹೇಳಿಕೊಂಡರು. ಮತ್ತೆ ತೊಳೆದೆ. ಮತ್ತೆ ಎರೆದರು. ನೀರು ತಿಳಿಯಾಗುವವರೆಗೂ ಹೀಗೇ. ಆಮೇಲೆ ಗಾಜನ್ನು ಬೆಳಕಿಗೆ ಹಿಡಿದು ಕೇಳಿದೆ.

"ನೋಡಿ ಹೇಳಿ. ಇದರಲ್ಲಿ ಹಾಲಿದೆಯಾ?"

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಬೆರಳು ತೂರಿಸಿ, ಬೆರಳು ಮೂಸಿ ನೋಡಿದರು. "ಇಲ್ಲ."

"ಇನ್ನು ಬೇಯೋದು ಬರೀ ಗಾಜು. ಗಾಜಿಗೆ ಯಾರ ಎದೆ ಸುಡುತ್ತೆ?"

"ಗಾಜಿಗೆ ಏನೂ ಇಲ್ಲ. ಬೇಯಿಸ್ಕೋ" ಅಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಜೋರಾಗಿ ಕೂಗಿದರು, "ಏಯ್ ಹುಡ್ಗೀ, ನೋಡಿದ್ಯಾ? ಎಲ್ಲಾ ತಂಪಾಯ್ತು. ಇನ್ನೇನಿಲ್ಲ, ಎದ್ದು ಕೂತ್ಕೋ!"

ಇಷ್ಟರಲ್ಲಿ ಸಿಸ್ಟರ್ ಬಾಗಿಲಿಗೆ ಬಂದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. "ಮೊದಲು ತಣ್ಣೀರಲ್ಲಿ ತೊಳೆಯೋದೇ ಸರಿ. ಬಿಸಿ ತಾಗಿದ್ರೆ ಹಾಲು ಗಾಜಿಗೆ ಬೆಂದು ಅಂಟುತ್ತೆ. ನಮ್ಗೆ ಟ್ರೈನಿಂಗಲ್ಲೇ ಹೇಳಿದ್ರು, ಇಲ್ಲಿ ಓಡಾಟದಲ್ಲಿ ಬಿಟ್ಟುಹೋಯ್ತು" ಅಂದರು. ಆಮೇಲೆ ಅತ್ತೆಗೆ, "ಇನ್ನು ಮೇಲೆ ತೊಳೆಯೋದನ್ನ ನೀವೇ ನಿಂತು ನೋಡ್ಕೊಳ್ಳಿ. ಇವಳನ್ನ ನಂಬಬೇಡಿ."

"ಇವಳನ್ನ ಯಾವಾಗ ನಂಬಿದ್ದೆ?" ಅಂದರು ಅತ್ತೆ.

ನಾನು ಪಂಪು ಕುದಿಸಿ ಆರಿಸಿ ಒಳಗೆ ತೆಗೆದುಕೊಂಡು ಹೋದೆ. ಬಿಸಿ ಬಟ್ಟೆಗೆ ನೀರು ಕಾಯಿಸಿರಲಿಲ್ಲ, ಬೆನ್ನು ಒತ್ತಿರಲಿಲ್ಲ. ಹುಡುಗಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅವಳ ರವಿಕೆಯ ಮುಂಭಾಗ ಎರಡೂ ಕಡೆ ನೆಂದು ಹೋಗಿತ್ತು. ಅವಳು ತಲೆ ಬಗ್ಗಿಸಿ ಅದನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಬಟ್ಟೆ ನೋಡುವ ಹಾಗೆ.

"ನೋಡ್ತಾ ಕೂತ್ರೆ ರವಿಕೆ ಕುಡಿಯುತ್ತೆ" ಅಂದೆ. "ಮುಂದಕ್ಕೆ ಬಗ್ಗು. ಒತ್ತು. ಇಡು. ಬಿಡು."

ಒಂದು ಕಡೆ ತುಂಬಿ ಒಳಲೆಗೆ ಬಗ್ಗಿಸಿದೆ. ಇನ್ನೊಂದು ಕಡೆಯೂ ತುಂಬಿತು. ಕೂಸಿಗೆ ಆ ಹೊತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು. ಮಿಕ್ಕದ್ದನ್ನು ಕುದಿಸಿದ ಲೋಟಕ್ಕೆ ಹಾಕಿ, ಮುಚ್ಚಿ, ಮಡಕೆಯ ನೀರಲ್ಲಿ ತಂಪಾಗಿಟ್ಟೆ. ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ದೊಡ್ಡಾಸ್ಪತ್ರೆಗೆ ಚೀಟಿಯನ್ನೂ ಬರೆಯಲಿಲ್ಲ. ಮುಂದಿನ ದಿನಗಳಲ್ಲಿ ತಕ್ಕಡಿಯ ಮುಳ್ಳು ಕೂಸು ಹುಟ್ಟಿದ ದಿನ ಇದ್ದ ಜಾಗಕ್ಕೆ ಬಂತು, ಆಮೇಲೆ ಅದನ್ನು ದಾಟಿತು. ಅತ್ತೆ ದಿನಾ ಚೊಂಬು ಹಿಡಿದು ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದರು. ನಾನು ತೊಳೆದದ್ದು ಸಾಲದು ಎಂದು ಮತ್ತೆ ಮತ್ತೆ ತೊಳೆಸುತ್ತಿದ್ದರು. ಆ ಪಂಪು ಅಷ್ಟು ಶುದ್ಧವಾಗಿ ಹಿಂದೆಂದೂ ಇದ್ದಿರಲಾರದು.

ಕೂಸು ಎಳೆಯುವುದನ್ನು ಕಲಿತದ್ದು ಒಂದು ಮಧ್ಯಾಹ್ನ. ಆಗ ನಾವು ಮಾಡುತ್ತಿದ್ದದ್ದು ಹೀಗೆ. ಮೊದಲು ಪಂಪಿನಿಂದ ಸ್ವಲ್ಪವೇ ಎಳೆದು ತೊಟ್ಟನ್ನು ಹೊರಗೆ ತರುವುದು. ಹಾಲು ಹರಿಯಲು ಶುರುವಾದ ಕೂಡಲೇ ಪಂಪು ತೆಗೆದು ಕೂಸನ್ನು ಹಿಡಿಯುವುದು. ಬಾಯಿ ತೆರೆದ ಕೂಡಲೇ ಹಾಲು ಸಿಗಬೇಕು, ಇಲ್ಲದಿದ್ದರೆ ಅಷ್ಟು ಸಣ್ಣದಕ್ಕೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ದಿನಾ ಎರಡು ಸಲ ಚಪ್ಪರಿಸಿ ಮಲಗುತ್ತಿದ್ದ ಕೂಸು ಆ ದಿನ ಬಿಡಲಿಲ್ಲ. ಕಿವಿಯ ಮುಂದೆ ದವಡೆ ಆಡುವುದು ಕಂಡಿತು. ಗುಟುಕ್, ಗುಟುಕ್ ಎಂದು ನುಂಗುವ ಸದ್ದು.

"ಆಯಮ್ಮಾ, ಎಳೀತಾ ಇದೆ!" ಹುಡುಗಿ ಪಿಸುಗುಟ್ಟಿದಳು, ಜೋರಾಗಿ ಅಂದರೆ ನಿಂತುಬಿಡುತ್ತದೆ ಎಂಬ ಹಾಗೆ. "ಪಂಪಿಗಿಂತ ಜೋರಾಗಿ ಎಳೀತಿದೆ ಆಯಮ್ಮಾ!"

"ಡ್ರೈವರ್ ಮಗಳಲ್ವಾ. ಅಪ್ಪನ ಹಾಗೆ ಒತ್ತುತ್ತೆ" ಅಂದೆ.

ಸಿಸ್ಟರ್ ಬಂದು ಬಗ್ಗಿ ನೋಡಿದರು. "ಪೋದುಂ, ಸಾಕು ಪಂಪು. ಈ ಮಗು ಇನ್ನು ಯಾರಿಗೂ ಕಾಯಲ್ಲ" ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. ಅತ್ತೆ ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಎದ್ದು ಮಂಚದ ಕೆಳಗಿದ್ದ ಹಾಲಿನ ಪುಡಿಯ ಡಬ್ಬಿ ತೆಗೆದು ನನ್ನ ಕೈಗೆ ಹಾಕಿದರು. "ನಿಮ್ಮನೇಲಿ ಕಾಫಿಗೆ ಇಟ್ಕೋ. ನನ್ ಕಣ್ಣಿಗೆ ಬೇಡ."

ಸಂಜೆ ಆಟೋದವನು ಬಂದ. ವಿಷಯ ಕೇಳಿ ಕೂಸನ್ನು ನೋಡಿದ, ಹೆಂಡತಿಯನ್ನು ನೋಡಿದ, ನನ್ನ ಮುಂದೆ ಕೈ ಚಾಚಿದ. ರಬ್ಬರನ್ನು ತೊಳೆದು ಒರೆಸಿ ಕೊಟ್ಟೆ. ಹೊರಗೆ ಹೋಗಿ ತುತ್ತೂರಿಗೆ ಸಿಕ್ಕಿಸಿದ. ಗೇಟಿನಾಚೆ ಹೋದ ಮೇಲೆ ಪೋಂಯ್ ಪೋಂಯ್ ಎಂದು ಶುರು ಮಾಡಿದವನು ಬೀದಿ ತಿರುಗುವವರೆಗೂ ನಿಲ್ಲಿಸಲಿಲ್ಲ. ವಾರ್ಡಿನಲ್ಲಿದ್ದ ಬಾಣಂತಿಯರೆಲ್ಲ ನಕ್ಕರು. ಇವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಕೂಸು ಮೊಲೆ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಶಿವಾಜಿನಗರದಿಂದ ಹೊಸ ರಬ್ಬರು ಬಂದು ಮೇಜಿನ ಮೇಲಿತ್ತು. ಬಾಗಿಲ ಪಕ್ಕದ ಮಂಚದಲ್ಲಿ ಹೊಸ ಬಾಣಂತಿ, ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿ ಅಳುತ್ತಿದ್ದಳು. ರಬ್ಬರನ್ನು ಕುದಿಸಿ ಪಂಪಿಗೆ ಹಾಕಿದೆ. ಅವಳ ಕೈ ಹಿಡಿದು ಒತ್ತುವುದು, ಇಡುವುದು, ಬಿಡುವುದು ತೋರಿಸಿದೆ. ಕಲ್ಲು ಕರಗಿ ಅವಳು ಕಣ್ಣು ಮುಚ್ಚಿಕೊಂಡ ಮೇಲೆ ಪಂಪು ತೆಗೆದುಕೊಂಡು ಹಿಂದಕ್ಕೆ ಹೋದೆ. ತಣ್ಣೀರಲ್ಲಿ ತೊಳೆದೆ. ಅತ್ತೆ ಇನ್ನೂ ಬಂದಿರಲಿಲ್ಲ, ಸಿಸ್ಟರ್ ಡಾಕ್ಟರಮ್ಮನ ಜೊತೆ ಒಳಗಿದ್ದರು, ಹಿತ್ತಲಲ್ಲಿ ಯಾರೂ ಇರಲಿಲ್ಲ. ಚೊಂಬಿನ ನೀರನ್ನು ತೆಗೆದುಕೊಂಡು ಹೋಗಿ ನುಗ್ಗೆ ಮರದ ಬುಡಕ್ಕೆ ಎರೆದೆ. ಆಮೇಲೆ ಒಳಗೆ ಬಂದು ಸ್ಟವ್ ಹೊತ್ತಿಸಿದೆ.